ಅಜ್ಜಿಯ ಮಂಡಿಗೆ ಅಮೆರಿಕದ ಎಣ್ಣೆ

(ದಾವಣಗೆರೆಯ ನಮ್ಮ ಮನೆತನದ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ದೊಡ್ಡಪ್ಪ: [ಹಂಚಿಕೊಂಡ ಚಿತ್ರ] "ಹೆಂಪ್ ಗಿಡದ ಸಿಬಿಡಿ ಎಣ್ಣೆ ಕಾನೂನುಬದ್ಧ. ಟಿಎಚ್‌ಸಿ ಅಂಶ ಶೇ 0.3 ಮೀರದಿದ್ದರೆ ವಿಮಾನದಲ್ಲಿ ಒಯ್ಯಬಹುದು."

ದೊಡ್ಡಪ್ಪ: ಅಮ್ಮನ ಮಂಡಿನೋವಿಗೆ ಇದೇ ಬೇಕು. ಮುಂದಿನ ತಿಂಗಳು ಬರುವಾಗ ಎರಡು ಸೀಸೆ ತೆಗೆದುಕೊಂಡು ಬಾ.

ಅಣ್ಣ (ನ್ಯೂಜೆರ್ಸಿ): ಸರಿ ಅಪ್ಪ. ಇಲ್ಲಿ ವೈದ್ಯರ ಚೀಟಿಯೂ ಬೇಕಿಲ್ಲ, ಅಂಗಡಿಯಲ್ಲೇ ಸಿಗುತ್ತದೆ.

ಚಿಕ್ಕಮ್ಮ: ಹೆಂಪ್ ಎಂದರೆ ಗಾಂಜಾ ಅಲ್ಲವೇ ಭಾವ? ಈ ವಯಸ್ಸಿನಲ್ಲಿ ಅತ್ತೆಗೆ ಅದನ್ನು ಕೊಡುವುದೇ?

ದೊಡ್ಡಪ್ಪ: ಅಮಲು ತರುವ ಅಂಶ ಟಿಎಚ್‌ಸಿ, ಅದೇ ಗಿಡದ ಇನ್ನೊಂದು ಅಂಶ ಸಿಬಿಡಿ. ಅದರಲ್ಲಿ ಅಮಲು ಇಲ್ಲಮ್ಮ. ಓದದೆ ಮಾತನಾಡಬೇಡ.

ನಾನು: ದೊಡ್ಡಪ್ಪ, ಚಿತ್ರದಲ್ಲಿರುವುದು ಸುಳ್ಳಲ್ಲ. ಆದರೆ ಯಾವ ದೇಶದ ಮಾತು ಎಂಬುದನ್ನು ಮಾತ್ರ ಬರೆದಿಲ್ಲ. 2018ರ ಅಮೆರಿಕದ ಕೃಷಿ ಕಾಯ್ದೆ ಒಣ ತೂಕದಲ್ಲಿ ಶೇ 0.3ರೊಳಗೆ ಟಿಎಚ್‌ಸಿ ಇರುವ ಗಾಂಜಾ ಗಿಡವನ್ನು ಹೆಂಪ್ ಎಂದು ಬೇರ್ಪಡಿಸಿತು. ಅದರ ಮೇಲೆ 2019ರಲ್ಲಿ ಅಲ್ಲಿನ ವಿಮಾನ ಭದ್ರತಾ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಅದು ಅಮೆರಿಕದೊಳಗೇ, ನೆವಾರ್ಕ್‌ನಿಂದ ಷಿಕಾಗೋಗೆ ಹೋಗುವವರಿಗೆ. ಅಣ್ಣ ಬರುವುದು ದುಬೈ ಮೇಲೆ.

ಅಣ್ಣ: ದುಬೈನಲ್ಲಿ ವಿಮಾನ ಬದಲಿಸುವುದಷ್ಟೇ. ಹೊರಗೆ ಕಾಲಿಡುವುದಿಲ್ಲ.

ನಾನು: ಕಾಲಿಡದಿದ್ದರೂ ಚೀಲ ಅವರ ನೆಲದ ಮೇಲಿರುತ್ತದೆ. ಸಿಬಿಡಿ ಇರುವ ಪದಾರ್ಥ ಅಲ್ಲಿ ನಿಷಿದ್ಧ. ಸಿಂಗಪುರದಲ್ಲೂ ಹಾಗೆಯೇ. ಹಾಂಗ್‌ಕಾಂಗ್ 2023ರ ಫೆಬ್ರವರಿ 1ರಿಂದ ಸಿಬಿಡಿಯನ್ನೇ ಅಪಾಯಕಾರಿ ಮಾದಕ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅದಕ್ಕೆ ಮೊದಲು ಅಂಗಡಿಯಲ್ಲಿ ಮಾರುತ್ತಿದ್ದುದು ಅದು!

ಭಾವ (ನನ್ನ ಅಕ್ಕನ ಗಂಡ): ನಮ್ಮಲ್ಲಿ ಹೆಂಪ್ ಬೀಜದ ಎಣ್ಣೆ ಆನ್‌ಲೈನ್‌ನಲ್ಲಿ ರಾಜಾರೋಷವಾಗಿ ಮಾರುತ್ತಾರಲ್ಲ?

ನಾನು: ಅದು ಬೀಜದ ಎಣ್ಣೆ ಭಾವ, ಬೇರೆಯದು. ಬೀಜ, ಬೀಜದ ಎಣ್ಣೆ, ಹಿಟ್ಟು ಇವನ್ನು ಆಹಾರವಾಗಿ ಮಾರಲು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿತು. ಅಮೆರಿಕದ ಸಿಬಿಡಿಯನ್ನು ಹೆಚ್ಚಾಗಿ ಹೂವಿನಿಂದ ತೆಗೆಯುತ್ತಾರೆ. ನಮ್ಮ ದೇಶದ 1985ರ ಮಾದಕ ವಸ್ತು ತಡೆ ಕಾಯ್ದೆ (ಎನ್‌ಡಿಪಿಎಸ್) ಹಿಡಿಯುವುದು ಹೂಬಿಟ್ಟ ತುದಿಯನ್ನೇ. ಒಂಟಿ ಎಲೆ, ಬೀಜ ಗಾಂಜಾದ ಲೆಕ್ಕಕ್ಕೆ ಬರುವುದಿಲ್ಲ. ಹೂವು, ಗಿಡದ ಅಂಟು (ಚರಸ್), ಅವುಗಳ ಯಾವುದೇ ಮಿಶ್ರಣ ಬರುತ್ತದೆ. ಶೇ 0.3 ಎಂಬ ರಿಯಾಯಿತಿ ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಹೊರದೇಶದಿಂದ ತಂದರೆ, ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದೊಡ್ಡಪ್ಪ: ಎರಡು ಸೀಸೆಗೆ ಯಾರು ಹಿಡಿಯುತ್ತಾರೆ? ದೇಶದಲ್ಲಿ ದೊಡ್ಡ ದೊಡ್ಡ ಕಳ್ಳರು ಆರಾಮವಾಗಿದ್ದಾರೆ.

ಚಿಕ್ಕಮ್ಮ: ಆ ಧೈರ್ಯಕ್ಕೆ ನೀವೇ ಹೋಗಿ ತನ್ನಿ ಭಾವ. ಮಗುವನ್ನು ಏಕೆ ಸಿಕ್ಕಿಸುತ್ತೀರಿ?

(ಚಿಕ್ಕಮ್ಮನಿಗೆ ಮಗು ಎಂದರೆ ನಲವತ್ತು ದಾಟಿದ, ತಲೆ ಬೋಳಾಗುತ್ತಿರುವ ನಮ್ಮಣ್ಣ.)

ಅಣ್ಣ: ಕೊರಿಯರ್‌ನಲ್ಲಿ ಕಳುಹಿಸಿದರೆ?

ನಾನು: ಅದೂ ಆಮದೇ. ಆಗ ಪೊಟ್ಟಣದ ಮೇಲೆ ಅಜ್ಜಿಯ ಹೆಸರಿರುತ್ತದೆ ಅಷ್ಟೇ.

ನಾನು: ಇನ್ನೊಂದು ವಿಷಯ. ಅಜ್ಜಿ ಹೃದಯದ ಕವಾಟಕ್ಕಾಗಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುತ್ತಾರೆ. ನನ್ನ ಔಷಧದ ಅಂಗಡಿಯಿಂದಲೇ ಹೋಗುವ ಮಾತ್ರೆ. ಸಿಬಿಡಿ ಹೊಟ್ಟೆಗೆ ಹೋದರೆ ಯಕೃತ್ತು ವಾರ್ಫರಿನ್ನನ್ನು ಕರಗಿಸುವುದು ನಿಧಾನವಾಗಿ, ರಕ್ತ ಬೇಕಾದ್ದಕ್ಕಿಂತ ತೆಳುವಾಗಬಹುದು. ಬಿದ್ದು ಪೆಟ್ಟಾದರೆ ಗತಿ? ಅಮೆರಿಕದ ಔಷಧ ಇಲಾಖೆ 2018ರಲ್ಲಿ ಸಿಬಿಡಿ ಔಷಧವನ್ನು ಒಪ್ಪಿದ್ದು ಅಪರೂಪದ ಮೂರ್ಛೆರೋಗಕ್ಕೆ, ಮಂಡಿಗಲ್ಲ.

ದೊಡ್ಡಪ್ಪ: ಇದನ್ನು ಮೊದಲೇ ಹೇಳಬಾರದಿತ್ತೇ? ಕಾನೂನಿನ ಪುರಾಣ ಏಕೆ ಓದಿದೆ?

ಅಣ್ಣ: ಪಟ್ಟಿಯಿಂದ ತೆಗೆದೆ. ಅಜ್ಜಿಗೆ ಮಂಡಿಪಟ್ಟಿ ತರುತ್ತೇನೆ.

ಚಿಕ್ಕಮ್ಮ: ನಾಳೆ ಮೂಳೆ ವೈದ್ಯರಲ್ಲಿಗೆ ನಾನು ಕರೆದುಕೊಂಡು ಹೋಗುತ್ತೇನೆ. ಭಾವ, ಹತ್ತು ಗಂಟೆಗೆ ಕಾರು ಕಳುಹಿಸಿ. ಆ ಚಿತ್ರವನ್ನೂ ಅಳಿಸಿ.

ದೊಡ್ಡಪ್ಪ: ಕಾರು ಬರುತ್ತದೆ. ಚಿತ್ರ ಇರಲಿ, ಷಿಕಾಗೋಗೆ ಹೋಗುವವರಿಗೆ ಬೇಕಾಗಬಹುದು.