ಪದಚರ್ಚೆ: ‘ಫೋಟೋ ಹಕ್ಕಲ’ ಅಂದ್ರ ನಿಮ್ಮ ಕಡಿ ತಿಳೀತದೇನ್ರಿ?

ಎಲ್ಲರಿಗೂ ಶರಣು ರೀ. ಬೀದರ್‌ನಿಂದ ಬರಿಲಾಕತ್ತೀನಿ. ಒಂದು ಪದ ಬೇಕಾಗ್ಯಾದ, ಅದೂ ದೌಡ ಬೇಕಾಗ್ಯಾದ, ಯಾಕಂದ್ರ ಬರೋ ವಾರ ಪೋಸ್ಟರ್ ಛಾಪಿಸ್ಲಾಕ ಕೊಡಬೇಕು.

ಸಂಗತಿ ಏನಂದ್ರ, ನಮ್ಮ ಓಣಿ ಹುಡುಗ್ರು ಹುಡುಗ್ಯಾರದು ಒಂದು ಸಂಘ ಅದ, ಪಿಯುಸಿ ಡಿಗ್ರಿ ಓದೋರೇ ಹೆಚ್ಚು, ಒಂದು ಮೂವತ್ತು ಮಂದಿ. ಐತ್ವಾರ ಮುಂಜಾನಿ ಇವರನ್ನ ಐದೈದು ಮಂದಿ ಗುಂಪು ಮಾಡಿ ಹಳೇ ಊರಾಗ ಬಿಡೋದು, ಕೈಯಾಗ ಒಂದು ಯಾದಿ ಕೊಡೋದು, ಯಾದಿ ಒಳಗ ಒಂದೊಂದು ಸಾಲಿಗೂ ತಕ್ಕ ಜಾಗಾನೋ ವಸ್ತುನೋ ತಾವೇ ಹುಡುಕಿ ಮೊಬೈಲ್‌ನಾಗ ಫೋಟೋ ತಕ್ಕೊಂಡು ಹನ್ನೆರಡು ಗಂಟೆದೊಳಗ ಹಳೇ ಊರ ನಡುವಿನ ಗೋಪುರ ಚೌಬಾರಾದ ಬುಡಕ್ಕ ಬಂದು ತೋರಿಸೋದು, ಯಾರದು ಹೆಚ್ಚು ಸರಿ ಅದ ಅವರಿಗೆ ಬಹುಮಾನ. ಯಾದಿ ನಾನೇ ಮಾಡ್ಲಾಕತ್ತೀನಿ. ‘ಅಣ್ಣ ನಿಂತಾನ, ತಮ್ಮ ಇಲ್ಲ’ ಅಂತ ಒಂದು ಬರದೀನಿ, ಅದು ಮಹಮೂದ್ ಗಾವಾನನ ಮದರಸಾದ ಮಿನಾರ್. 1472ರಾಗ ಕಟ್ಟಿ ಮುಗಿಸಿದಾಗ ಎದುರಿಗೆ ಎರಡು ಇದ್ವು, ಔರಂಗಜೇಬನ ಕಾಲಕ್ಕ ಒಳಗ ಇಟ್ಟಿದ್ದ ಮದ್ದು ಸಿಡಿದು ಒಂದು ಹೋತು, ಈಗ ಬಣ್ಣದ ಹೆಂಚಿನ ಒಂದೇ ಉಳದದ. ‘ಹುಲಿ ಹೊತ್ತ ಬಾಗಿಲು’ ಅಂದ್ರ ಕಿಲ್ಲಾದ ಶರ್ಜಾ ದರ್ವಾಜಾ. ‘ಕಿಲ್ಲಾದ ಮಣ್ಣು ತಿಂದು ಕಪ್ಪಾದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳೀತು’ ಅಂದ್ರ ಬಿದ್ರಿ ಸಾಮಾನು, ಸತು ತಾಮ್ರ ಕೂಡಿಸಿ ಎರಕ ಹೊಯ್ದದ್ದನ್ನ ಕಿಲ್ಲಾದ ಮಣ್ಣು ನವಸಾಗರ ಹಾಕಿದ ನೀರಾಗ ಕುದಿಸಿದ್ರ ಲೋಹ ಕಪ್ಪಾಗ್ತದ, ಕೂರಿಸಿದ ಬೆಳ್ಳಿಗೆ ಏನೂ ಆಗಂಗಿಲ್ಲ, ಆ ಕೆಲಸ ನಡಿಯೋ ಅಂಗಡಿ ಮುಂದ ನಿಂತು ಕೇಳಿ ಫೋಟೋ ತಗೀಬೇಕು. ಇಲ್ಲಿಗಂಟ ಎಲ್ಲಾ ಸರಿ. ಆಟದ ಹೆಸರು ಮಾತ್ರ ಕನ್ನಡದಾಗ ಏನಂತ ಬರಿಬೇಕು?

ಹುಡುಗ್ರು ಮೊದ್ಲು ಕನ್ನಡ ಅಕ್ಷರದಾಗೇ ‘ಫೋಟೋ ಸ್ಕ್ಯಾವೆಂಜರ್ ಹಂಟ್’ ಅಂತ ಬರದಿದ್ರು. ಒಬ್ಬಾಂವ ಅದನ್ನ ಮೊಬೈಲ್‌ನಾಗ ಅನುವಾದ ಮಾಡಿ ನೋಡಿದ, ಕಸದ ಬೇಟೆ ಅನ್ನೋ ಥರಾ ಏನೋ ಬಂತು, ಎಲ್ಲಾರೂ ನಕ್ರು. ಒಬ್ಬ ಹುಡುಗಿ ನಗಲಿಲ್ಲ. ಆಕಿ ಅವ್ವ ಊರು ಗುಡಿಸೋ ಪೌರಕಾರ್ಮಿಕರು. ‘ಸರ್, ನಮ್ಮವ್ವನ ಕೆಲಸಕ್ಕ ಇಂಗ್ಲಿಷ್‌ನಾಗ ಇದೇ ಹೆಸರೇನ್ರಿ’ ಅಂತ ಕೇಳಿದ್ಲು. ನನಗ ಉತ್ತರ ಕೊಡ್ಲಾಕ ಆಗಲಿಲ್ಲ. ನಮ್ಮ ದೇಶದ ಕಾನೂನಿನಾಗ, 1993ರದ್ದಾಗಲಿ 2013ರದ್ದಾಗಲಿ, ಈ ‘ಸ್ಕ್ಯಾವೆಂಜರ್’ ಪದ ಬಂದದ್ದೇ ಮಲ ಹೊರೋ ಪದ್ಧತಿ ನಿಲ್ಲಿಸ್ಲಾಕ. ಅಂಥಾ ಪದ ಹಬ್ಬದಂಥಾ ಆಟದ ಪೋಸ್ಟರ್ ಮ್ಯಾಲ ನನಗ ಬ್ಯಾಡ, ಈ ಮಾತಿನಾಗ ನಾನು ಹಿಂದ ಸರಿಯಂಗಿಲ್ಲ.

ಮನಿಗಿ ಬಂದು ಆ ಪದದ ಹುಟ್ಟು ನೋಡಿದ್ರ ಆಶ್ಚರ್ಯ ಆತು. ಹೊಲಸಿಗೂ ಅದಕ್ಕೂ ಮೊದಲಿಗೆ ಸಂಬಂಧನೇ ಇರಲಿಲ್ಲ. ಹಿಂದಿನ ಕಾಲದ ಲಂಡನ್‌ನಾಗ ಪರಊರ ವ್ಯಾಪಾರಿಗಳು ತಂದ ಮಾಲು ನೋಡಿ ಸುಂಕ ವಸೂಲ್ ಮಾಡೋ ಅಧಿಕಾರಿಗೆ ಸ್ಕ್ಯಾವೇಜರ್ ಅಂತಿದ್ರು, ಅದರ ಬೇರು ಫ್ಲೆಮಿಶ್ ಮಾತಿನ ‘ನೋಡು’ ಅನ್ನೋ ಕ್ರಿಯಾಪದ, ಇಂಗ್ಲಿಷಿನ ‘ಶೋ’ ಅದರ ಬಳಗದ್ದೇ. ಆಮ್ಯಾಲ ಅದೇ ಅಧಿಕಾರಿಗೆ ಬೀದಿ ಸ್ವಚ್ಛ ಇಡಿಸೋ ಜವಾಬ್ದಾರಿ ಬಂತು, ಬರ್ತಾ ಬರ್ತಾ ಗುಡಿಸೋರಿಗೇ ಆ ಹೆಸರು ಹತ್ತಿತು. ನಡುವಿನ ‘ನ್’ ಸುಮ್ನೆ ಬಂದು ಸೇರಿದ್ದು, ಪ್ಯಾಸೆಂಜರ್ ಮೆಸೆಂಜರ್‌ನಾಗ ಸೇರಿದಂಗ.

ಇನ್ನ ಕನ್ನಡದಾಗ ಏನೇನು ಬಂದವು ಕೇಳ್ರಿ. ‘ನಿಧಿ ಶೋಧ’ ಅಂದ್ರು ಒಬ್ರು. ಅದು ಬ್ಯಾರೆ ಆಟ, ಅದರಾಗ ಒಂದು ಸುಳಿವು ಇನ್ನೊಂದಕ್ಕ ಒಯ್ದು ಕಡೀಕ ಒಂದು ಗಂಟು ಸಿಗ್ತದ. ನಮ್ಮದ್ರಾಗ ಗಂಟೂ ಇಲ್ಲ, ಸರಪಳಿನೂ ಇಲ್ಲ, ಯಾದಿದಾಗಿಂದು ಯಾವುದು ಮೊದಲು ಮಾಡಿದ್ರೂ ನಡೀತದ. ಇದಕ್ಕಿಂತ ದೊಡ್ಡ ಮಾತು ಅಂದ್ರ, ನಮ್ಮ ಭಾಗದಾಗ ‘ನಿಧಿ’ ಅಂದ್ರ ಆಟದ ಪದ ಅಲ್ಲ ರೀ, ರಾತ್ರಿ ಹೋಗಿ ಹಳೇ ಗುಡಿ ಗೋರಿ ಅಗಿಯೋ ಮಂದಿ ಇದ್ದಾರ. ಕಿಲ್ಲಾ, ಗುಂಬಜ್ ಸುತ್ತ ಹುಡುಗ್ರನ್ನ ಕಳಿಸಿ ‘ನಿಧಿ ಹುಡುಕ್ರಿ’ ಅಂತ ಪೋಸ್ಟರ್ ಹಾಕಿದ್ರ ಏನರ್ಥ ಆಗ್ತದ ನೀವೇ ಯೋಚಿಸ್ರಿ. ‘ಚಿತ್ರಬೇಟೆ’ ಕಿವಿಗೆ ಛಂದ ಅದ, ಆದ್ರ ನಮ್ಮಲ್ಲಿ ‘ಬ್ಯಾಟಿ’ ಅಂದ್ರ ಜಾತ್ರಿದಾಗ ಕುರಿ ಕಡಿಯೋದು, ನಮ್ಮ ಯಾದಿದಾಗ ನೋಡಿದ್ರ ಝರಣಿ ನರಸಿಂಹನ ಗುಡಿ ಅದ, ನಾನಕ್ ಝೀರಾ ಗುರುದ್ವಾರ ಅದ, ಅಷ್ಟೂರಿನ ದಾರಿದಾಗಿನ ಚೌಖಂಡಿ ಗೋರಿನೂ ಅದ. ಅಲ್ಲಿಗೆಲ್ಲಾ ಬ್ಯಾಟಿ ಅಂತ ಹೇಳಿಕೊಂಡು ಹೋಗೋದು ನನಗ ಸರಿ ಕಾಣಲಿಲ್ಲ. ‘ಹುಡುಕಾಟ’ದಾಗ ತಪ್ಪೇನಿಲ್ಲ, ಆದ್ರ ಸಪ್ಪಗದ, ಕಳಕೊಂಡದ್ದನ್ನ ಹುಡುಕೋ ದುಃಖ ಅದರಾಗ ಇದ್ದೇ ಇರ್ತದ.

ಹಿಂಗ ತಲಿ ಕೆಡಿಸಿಕೊಂಡು ಕುಂತಾಗ ನೆನಪಾದದ್ದು ‘ಹಕ್ಕಲ’. ಪುಸ್ತಕದ ಕನ್ನಡದಾಗ ಹಕ್ಕಲು. ರಾಶಿ ಮುಗದು ಮಾಲು ಮನಿಗಿ ಹೋದ ಮ್ಯಾಲ ಹೊಲದಾಗ ಅಲ್ಲೊಂದು ಇಲ್ಲೊಂದು ಉಳಿದ ಜ್ವಾಳದ ತೆನಿ, ತೊಗರಿ ಕಾಯಿ, ಮಣ್ಣಾಗ ಸಿಕ್ಕೊಂಡ ಶೇಂಗಾ ಆಯ್ದು ಉಡಿ ತುಂಬಿಸಿಕೊಂಡು ಬರೋದಕ್ಕ ‘ಹಕ್ಕಲ ಆಯೋದು’ ಅಂತಾರ. ನಾನು ಸಣ್ಣಾಂವ ಇದ್ದಾಗ ನಮ್ಮ ಆಯಿ ಕೂಡ ಶೇಂಗಾ ಹಕ್ಕಲಕ್ಕ ಹೋಗ್ತಿದ್ದೆ, ಒಂದು ಮಳಿ ಹನಿ ಬಿದ್ದು ಮಣ್ಣು ಮೆತ್ತಗಾದ ಮರುದಿನ ಹೋಗಬೇಕು, ಕಾಲಿನ ಬೆಳ್ಳಾಗೇ ಗೊತ್ತಾಗ್ತಿತ್ತು ಇಲ್ಲಿ ಕಾಯಿ ಅದ ಅಂತ, ಬರೋವಾಗ ಉಗುರಿನ ಸಂದಿನಾಗೆಲ್ಲಾ ಕರಿ ಮಣ್ಣು. ಆಯಿ ಒಂದು ಮಾತು ಹೇಳ್ತಿದ್ಲು, ‘ಹೊಲ ಯಾರದರೆ ಇರಲಿ, ಹಕ್ಕಲ ಮಾತ್ರ ಕಣ್ಣಿದ್ದೋರದು’ ಅಂತ.

ನಮ್ಮ ಆಟನೂ ಇದೇ ಅಲ್ಲೇನ್ರಿ? ಏನೂ ಹುಗದಿಟ್ಟಿಲ್ಲ, ಏನೂ ಬಚ್ಚಿಟ್ಟಿಲ್ಲ, ಎಲ್ಲಾ ಬಯಲಾಗೇ ಅದ. ದಿನಾ ಆಟೋದಾಗ ಕುಂತು ಚೌಬಾರಾ ಸುತ್ತಿ ಕಾಲೇಜಿಗೆ ಹೋಗೋ ಪೋರಗಳು ಆ ಗೋಪುರದ ತುದಿತನಕ ಒಂದು ಸಲಾನೂ ಕಣ್ಣೆತ್ತಿ ನೋಡಿರಂಗಿಲ್ಲ. ಮತ್ತ ವಸ್ತು ಮುಟ್ಟೋದಿಲ್ಲ, ತರೋದಿಲ್ಲ, ಬರೇ ಚಿತ್ರ ಆಯ್ಕೊಂಡು ಬರೋದು. ಹಂಗಾಗಿ ‘ಫೋಟೋ ಹಕ್ಕಲ’ ಅಂತ ನನ್ನ ಮನಸಿನಾಗ ಕುಂತದ.

ಆದ್ರ ಮೂರು ಕಡಿ ತೊಡಕು ಅದ, ಅದಕ್ಕೇ ನಿಮ್ಮ ಮುಂದ ಇಡ್ಲಾಕತ್ತೀನಿ. ಮಲೆನಾಡಿನ ಕಡಿ ಹಕ್ಕಲು ಅಂದ್ರ ಉಳುಮಿ ಇಲ್ದ ಬಯಲು ಜಾಗಾ ಅಂತ ಕೇಳೀನಿ, ಆ ಕಡಿಯವರಿಗೆ ‘ಫೋಟೋ ಹಕ್ಕಲ’ ಅಂದ್ರ ಫೋಟೋ ತಗಿಯೋ ಮೈದಾನ ಅಂತ ಅನಿಸ್ತದೇನು? ಶಿವಮೊಗ್ಗ, ಚಿಕ್ಕಮಗಳೂರು ಕಡಿಯವರು ದಯಮಾಡಿ ಹೇಳ್ರಿ, ಆಯೋ ಅರ್ಥನೂ ನಿಮ್ಮಲ್ಲಿ ಅದನೋ ಹೆಂಗ. ಎರಡನೇದು, ಇದನ್ನ ಆಡೋರಿಗೆ ಏನನ್ನಬೇಕು? ‘ಹಕ್ಕಲಿಗ’ ಅಂತ ಒಬ್ರು ಅಂದ್ರು, ನನಗ ಅದು ಬ್ಯಾಡ, ಒಕ್ಕಲಿಗ ಅಂತ ಕೇಳಿಸ್ತದ, ಓದೋರು ಅಚ್ಚಿನ ತಪ್ಪು ಅಂತಾರ. ‘ಆಯೋರು’ ಸಾಕಾಗ್ತದೇನೋ.

ಮೂರನೇದು ನನಗ ಭಾಳ ಕಾಡ್ಲಾಕತ್ತದ. ಹಕ್ಕಲಕ್ಕ ಹೋಗ್ತಿದ್ದೋರು ಹೊಲ ಇಲ್ದ ಮಂದಿ, ಅದರಾಗೂ ಹೆಣ್ಮಕ್ಕಳು. ಒಂದು ಪದದಾಗ ಕೀಳು ಅರ್ಥ ಅದ ಅಂತ ಬಿಟ್ಟು ಇನ್ನೊಂದು ಬಡತನದ ಪದ ಹಿಡ್ಕೊಂಡೆನೇನು ಅಂತ ಅನಿಸ್ತು. ನಮ್ಮವ್ವನ್ನ ಕೇಳಿದೆ. ‘ಅದ್ಯಾಕ ಕೀಳು ಆಗ್ತದ, ಬೇಡಿ ತಂದದ್ದಲ್ಲ, ಕದ್ದು ತಂದದ್ದಲ್ಲ, ಹೊಲದವರೇ ಕರದು ಹೇಳ್ತಿದ್ರು ನಾಳಿಗೆ ಬರ್ರಿ ಅಂತ’ ಅಂದ್ಲು. ನಮ್ಮವ್ವನ ಮಾತು ನಮ್ಮ ಊರಿನ ಮಟ್ಟಿಗೆ ಖರೇ. ಯಾದಗಿರಿ, ರಾಯಚೂರು, ವಿಜಯಪುರ ಕಡಿ ಹೆಂಗದ? ‘ಹಕ್ಕಲ ಆಯ್ದು ಬದುಕ್ಯಾರ’ ಅನ್ನೋದು ಅಲ್ಲಿ ಚುಚ್ಚು ಮಾತಾ, ಇಲ್ಲಾ ಹಂಗ ಸಹಜ ಹೇಳೋ ಮಾತಾ?

ಇದರ ಜೋಡಿ ಒಂದು ಸಣ್ಣ ಪ್ರಶ್ನಿ. ಸುಳಿವು ಅನ್ನೋ ಬದಲಿ ನಮ್ಮ ಮಾತಿನ ‘ಖೂನ’ ಇಡಬೇಕಂತಿದ್ದೆ, ಗುರುತು ಅನ್ನೋ ಅರ್ಥದಾಗ, ‘ಖೂನ ಹತ್ತಲಿಲ್ಲ’ ಅಂತೀವಲ್ಲ ಅದು, ಮರಾಠಿಯಾಗೂ ಅದ. ಆದ್ರ ನಮ್ಮ ಸಂಘದಾಗ ಅರ್ಧ ಮಂದಿ ಮನಿ ಮಾತು ಉರ್ದು, ಅವರಿಗೆ ಖೂನ್ ಅಂದ್ರ ರಕ್ತ. ‘ಹತ್ತು ಖೂನ ಹುಡುಕ್ರಿ’ ಅಂತ ಛಾಪಿಸಿದ್ರ ಅವರ ಮನಿಯವರು ಹೌಹಾರ್ತಾರ. ಹಂಗಾಗಿ ‘ಗುರುತು’ ಅಂತ ಬದಲಿಸೀನಿ, ಒಗಟು ಅನ್ನೋ ಅರ್ಥದಾಗ ‘ಒಡಪು’ ಇಡಬಹುದಿತ್ತು, ಆದ್ರ ನಮ್ಮಲ್ಲಿ ಒಡಪು ಅಂದ್ರ ಗಂಡನ ಹೆಸರು ಹೇಳೋದೇ ಮೊದಲು ನೆನಪಾಗ್ತದ.

ಆ ಹುಡುಗಿಗೆ ನಿನ್ನೆ ‘ಫೋಟೋ ಹಕ್ಕಲ’ ಅಂತ ಹೇಳಿ ನೋಡಿದೆ. ‘ಹಕ್ಕಲ ಅಂದ್ರೇನ್ರಿ ಸರ್’ ಅಂದ್ಲು, ಆಕಿಗೆ ಆ ಪದನೇ ಗೊತ್ತಿಲ್ಲ. ಪೋಸ್ಟರ್ ಮ್ಯಾಲ ಕೆಳಗ ಒಂದು ಸಾಲು ಅರ್ಥ ಬರಿಬೇಕು ಅಂತ ಮಾಡೀನಿ, ಆ ಸಾಲು ಹೆಂಗ ಇರಬೇಕು ಅನ್ನೋದೂ ಸೇರಿಸಿ ಶುಕ್ರವಾರದೊಳಗ ಬರದು ತಿಳಿಸ್ರಿ.