ದೂರದ ಚಾರಣಕ್ಕೆ ಹಗುರ ಬೆನ್ನುಚೀಲ: ಒಳಚೌಕಟ್ಟು ಬೇಕೇ, ಬೇಡವೇ?

ಪ್ರಶ್ನೆ:
ಹತ್ತು ದಿನಗಳ ಚಾರಣಕ್ಕೆ ಸಿದ್ಧನಾಗುತ್ತಿದ್ದೇನೆ. ಈಗಿರುವ ಚೀಲ ಖಾಲಿಯಿದ್ದಾಗಲೇ 2.3 ಕಿಲೋ ತೂಗುತ್ತದೆ. ಒಳಚೌಕಟ್ಟಿಲ್ಲದ, ಅಂದರೆ ಚೀಲದ ಬೆನ್ನು ಬಾಗದಂತೆ ಹಿಡಿಯುವ ಗಟ್ಟಿ ಪಟ್ಟಿಗಳಿಲ್ಲದ, ಹಗುರ ಚೀಲಕ್ಕೆ ಬದಲಾಯಿಸಿದರೆ ಭುಜಗಳಿಗೆ ತೊಂದರೆಯಾದೀತೇ? ಆಹಾರ, ನೀರು ಸೇರಿ ಹೊರೆ ಸುಮಾರು 12 ಕಿಲೋ ಆಗುತ್ತದೆ.

ಉತ್ತರ 1:
ಅಷ್ಟು ಹೊರೆಗೆ ಚೌಕಟ್ಟಿಲ್ಲದ ಚೀಲವನ್ನು ದಯವಿಟ್ಟು ಕೊಳ್ಳಬೇಡಿ. ಅಂಥವು ಸುಮಾರು 9 ಕಿಲೋವರೆಗೆ ಹಿತವಾಗಿರುತ್ತವೆ. ಅದನ್ನು ಮೀರಿದರೆ ಚೀಲದ ಬೆನ್ನು ಕುಸಿದು, ಸೊಂಟಪಟ್ಟಿಗೆ ಇಳಿಯಬೇಕಾದ ಭಾರವೆಲ್ಲ ಭುಜದ ಮೇಲೆಯೇ ನಿಲ್ಲುತ್ತದೆ. ಮೊದಲು ಡೇರೆ, ಮಲಗುವ ಚೀಲ, ಚಾಪೆಗಳನ್ನು ಹಗುರಗೊಳಿಸಿ, ಬೆನ್ನುಚೀಲವನ್ನು ಕೊನೆಯಲ್ಲಿ ಆರಿಸಿ. ಅಲ್ಯೂಮಿನಿಯಂ ಪಟ್ಟಿಗಳಿದ್ದೂ ಒಂದು ಕಿಲೋ ಆಸುಪಾಸಿನಲ್ಲಿರುವ ಚೀಲಗಳು ಸಿಗುತ್ತವೆ.

ಉತ್ತರ 2:
ಚೀಲದ ಗಾತ್ರದ ಲೀಟರ್ ಲೆಕ್ಕಕ್ಕಿಂತ ನಿಮ್ಮ ಬೆನ್ನಿನ ಅಳತೆ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಉಬ್ಬುವ ಮೂಳೆಯಿಂದ ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ, ಬೆನ್ನಿನ ಮೇಲೆಯೇ ಟೇಪು ಹಿಡಿಸಿ ಅಳೆಯಿರಿ. ನನ್ನ ಮೊದಲ ಚೀಲ 2 ಇಂಚು ಉದ್ದವಾಗಿದ್ದುದರಿಂದ ಸೊಂಟಪಟ್ಟಿ ಕೆಳಗೆ ಜಾರುತ್ತ, ಮೂರನೆಯ ದಿನದ ಹೊತ್ತಿಗೆ ಸೊಂಟದ ಎರಡೂ ಬದಿಯ ಚರ್ಮ ಸುಲಿದಿತ್ತು.

ಉತ್ತರ 3:
ತುಂಬುವಾಗ ಆಹಾರದಂಥ ಭಾರದ ವಸ್ತುಗಳು ಬೆನ್ನಿಗೆ ಒತ್ತಿಕೊಂಡು ಚೀಲದ ಮಧ್ಯಭಾಗದಲ್ಲಿರಲಿ. ಮಳೆಗೆ ಹೊರಹೊದಿಕೆಯೊಂದನ್ನೇ ನಂಬಬೇಡಿ. ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಬಾಯನ್ನು ತಿರುಚಿ ಮಡಚಿ.