ಸಹಾಯ ಬೇಕು: ಮರದ ಮೇಲಿಂದ ಜಿಂಕೆಗೆ ಗುರಿ ಎಲ್ಲಿ ಇಡಬೇಕು?

ನಮಸ್ಕಾರ. ನಾನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಊರಲ್ಲಿ ಜಿಂಕೆ ಬೇಟೆ ಅಪರಾಧ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇಲ್ಲಿ ಲೈಸೆನ್ಸ್ ಪಡೆದು ಬಿಳಿಬಾಲದ ಜಿಂಕೆ ಹೊಡೆಯಬಹುದು. ನವೆಂಬರ್‌ನಲ್ಲಿ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರದಿಂದ 9 ದಿನ ರೈಫಲ್ ಸೀಸನ್.

ಕಳೆದ ವರ್ಷ ತಪ್ಪು ಮಾಡಿದೆ. ಒಂದು ಹೆಣ್ಣು ಜಿಂಕೆ ನನ್ನ ಕಡೆ ಮುಖ ಮಾಡಿ ಓರೆಯಾಗಿ ನಿಂತಿತ್ತು. ಅಭ್ಯಾಸದಂತೆ ಭುಜದ ಹಿಂದೆಯೇ ಗುರಿ ಇಟ್ಟೆ. ಆ ಕೋನದಲ್ಲಿ ಗುಂಡು ಹೊಟ್ಟೆಗೆ ಹೋಗುತ್ತದೆ ಅಂತ ಹೊಳೆಯಲೇ ಇಲ್ಲ. ರಕ್ತದ ಜೊತೆ ಹೊಟ್ಟೆಯೊಳಗಿನ ಹುಲ್ಲಿನ ಚೂರು ಬಿದ್ದಿತ್ತು. ಕೆಲವು ಗಂಟೆ ಕಾಯಬೇಕಿತ್ತು. ನಾನು ತಕ್ಷಣ ಹಿಂದೆ ಹೋದೆ, ಮಲಗಿದ್ದ ಜಿಂಕೆ ಎದ್ದು ಓಡಿತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಇವತ್ತಿಗೂ ಸಂಕಟ ಆಗುತ್ತದೆ.

ಅಡ್ಡಲಾಗಿ ನಿಂತರೆ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಭಾಗ ಮೇಲೆ. ಆಚೆ ಮುಖ ಮಾಡಿ ಓರೆಯಾಗಿದ್ದರೆ ಗುಂಡು ಆಚೆ ಬದಿಯ ಮುಂಗಾಲಿನ ಕಡೆ ಹೋಗುವಂತೆ ಲೆಕ್ಕ ಹಾಕಿ, ಗುರಿ ಸ್ವಲ್ಪ ಹಿಂದೆ. ಇಷ್ಟು ಈಗ ಗೊತ್ತಿದೆ. ನನ್ನ ಕಡೆ ಓರೆಯಾಗಿದ್ದರೆ ಇನ್ನು ಹೊಡೆಯುವುದೇ ಇಲ್ಲ.

ಗೊಂದಲ ಇರುವುದು ಮರದ ಅಟ್ಟಣೆಯಲ್ಲಿ. 15 ಅಡಿ ಮೇಲೆ ಕೂತಿರುತ್ತೇನೆ. ಜಿಂಕೆ ತೀರಾ ಹತ್ತಿರ ಬಂದರೆ ಗುಂಡು ಕಡಿದಾಗಿ ಇಳಿದು ಒಂದೇ ಶ್ವಾಸಕೋಶಕ್ಕೆ ತಾಗುವ ಭಯ ಇದೆ ಅಲ್ವಾ? ಗುರಿ ಎಷ್ಟು ಮೇಲೆ ಇಡುತ್ತೀರಿ? ಅಥವಾ ಅದು ದೂರ ಹೋಗುವವರೆಗೆ ಕಾಯುತ್ತೀರಾ? ನನ್ನದು 308 ರೈಫಲ್. ಅನುಭವ ಇರುವವರು ದಯವಿಟ್ಟು ತಿಳಿಸಿ.